ಬಾಗಿಲು ಹಾಕೋ ಅಧಿಕಾರ ನಮಗಿಲ್ಲ ಸ್ವಾಮಿ!

ತಿಪಟೂರು ಸೀಮೆಯ ಕೊಬ್ಬರಿ ಬೆಳೆಗಾರರೊಬ್ಬರ ಎಡಗಾಲಿನ ರಕ್ತನಾಳದ ಒಳಪದರದಲ್ಲಿ ವಾಸವಾಗಿರುವ ಜೀವಕೋಶವೊಂದು ರಕ್ತದ ಸಕ್ಕರೆ ಕುರಿತು ಪತ್ರಿಕೆಯ ಜೊತೆ ಮಾತಾಡಲು ಒಪ್ಪಿತು. ಯಜಮಾನರ ಹೆಸರು ಬರೆಯಬಾರದೆಂಬುದೊಂದೇ ಷರತ್ತು. ‘ನಾಳೆಯೂ ಅವರ ಮೈಯಲ್ಲೇ ಬಾಳಬೇಕಲ್ಲ’ ಎಂಬುದು ಅದರ ವಾದ.

ತಮ್ಮ ಪರಿಚಯ?

ಎಂಡೋಥೀಲಿಯಲ್ ಕೋಶ ಅಂತಾರೆ. ಹರಿಯೋ ರಕ್ತಕ್ಕೂ ನಾಳದ ಗೋಡೆಗೂ ನಡುವೆ ಒಂದೇ ಒಂದು ಸಾಲಾಗಿ ಕೂತಿದೀವಿ. ಬರೀ ಒಳಹೊದಿಕೆ ಅಂತ ನಮ್ಮನ್ನ ಬಹಳ ಕಾಲ ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳ ಇಟ್ಕೊಂಡು ತೋರಿಸಿದರು: ನಮ್ಮನ್ನ ಉಜ್ಜಿ ತೆಗೆದರೆ, ಸಡಿಲಾಗಬೇಕಾದ ನಾಳ ಸಡಿಲಾಗೋದೇ ಇಲ್ಲ. ಸಡಿಲಿಸೋ ನೈಟ್ರಿಕ್ ಆಕ್ಸೈಡ್ ತಯಾರಿಸೋರು ನಾವು. 1998ರಲ್ಲಿ ಆ ವಿಚಾರಕ್ಕೆ ಮೂವರಿಗೆ ನೊಬೆಲ್ ಬಂತು. ನಮ್ಮನ್ನ ಸಮಾರಂಭಕ್ಕೂ ಕರೀಲಿಲ್ಲ, ಬಿಡಿ.

ಸಕ್ಕರೆ ಮೇಲೆ ನಿಮಗೇನು ದೂರು?

ಸಕ್ಕರೆ ಮೇಲಲ್ಲ, ನಮ್ಮ ಮನೆ ಬಾಗಿಲ ಮೇಲೆ. ಸ್ನಾಯುವಿನ ಕೋಶಗಳದ್ದು ಅನುಕೂಲಸ್ಥರ ಮನೆ. ಹೆಚ್ಚಾಗಿ ಇನ್ಸುಲಿನ್ ಬಂದು ಹೇಳಿದ ಮೇಲೇ ಬಾಗಿಲು ಅಗಲ ತೆಗೀತಾರೆ. ನಮ್ಮ ಬಾಗಿಲ ಹೆಸರು ಗ್ಲುಟ್-1. ಅದಕ್ಕೆ ಇನ್ಸುಲಿನ್ ಅಪ್ಪಣೆಯೂ ಬೇಡ, ಹೊರಗೆ ಸಕ್ಕರೆ ಹೆಚ್ಚಾಯ್ತು ಅಂತ ಕಿರಿದಾಗೋ ಬುದ್ಧಿಯೂ ಇಲ್ಲ. ರಕ್ತದಲ್ಲಿ ಎಷ್ಟಿದೆಯೋ ಅಷ್ಟೂ ನುಗ್ಗುತ್ತೆ.

ನುಗ್ಗಿದರೆ ಆಗೋದೇನು? ಶಕ್ತಿ ತಾನೆ?

ಹಾಗಂತ ಯಜಮಾನರೂ ಹೇಳ್ತಾರೆ, ಎರಡನೇ ಕಾಯಿ ಹೋಳಿಗೆ ಬಡಿಸಿಕೊಳ್ಳುವಾಗ. ಒಳಗಿರೋ ಮೈಟೊಕಾಂಡ್ರಿಯಗಳು ಈ ಪಾಟಿ ಸಕ್ಕರೆ ಉರಿಸಲಾಗದೆ ಸೂಪರ್‌ಆಕ್ಸೈಡ್ ಅನ್ನೋ ಪುಂಡನನ್ನ ಹೊರಗೆ ಬಿಡುತ್ತವೆ. ಸಕ್ಕರೆ ನಾಲ್ಕು ಥರ ಹಾನಿ ಮಾಡುತ್ತೆ, ನಾಲ್ಕಕ್ಕೂ ಬೇರು ಇವನೇ ಅಂತ ವಿಜ್ಞಾನಿ ಮೈಕೆಲ್ ಬ್ರೌನ್ಲೀ 2001ರಲ್ಲಿ ವಾದಿಸಿದರು. ಇವನು ಮೊದಲು ಹಿಡಿಯೋದೇ ನೈಟ್ರಿಕ್ ಆಕ್ಸೈಡನ್ನ. ಅದು ಕಮ್ಮಿಯಾಯ್ತೋ, ನಾಳ ಬಿಗೀತು, ಬಿಳಿ ರಕ್ತಕಣ ಬಂದು ಅಂಟಿತು, ಕೊಬ್ಬು ಗೋಡೆಯೊಳಗೆ ಸೇರಿತು. ಇನ್ನೊಂದು ಕಡೆ ಪ್ರೋಟೀನುಗಳಿಗೆ ಸಕ್ಕರೆ ಮೆತ್ತಿಕೊಂಡು ಗೋಡೆ ಸೆಡೆಯುತ್ತೆ.

ನೋವಾಗಿದ್ದರೆ ಯಜಮಾನರಿಗೆ ಗೊತ್ತಾಗುತ್ತಿತ್ತಲ್ಲ?

ಅದೇ ತಮಾಷೆ. ಮೊನ್ನೆ ಕಾಯಿ ಸುಲಿಯೋ ಜಾಗದಲ್ಲಿ ಬರಿಗಾಲಲ್ಲಿ ನಿಂತಿದ್ದರು. ಕರಟದ ಚೂರು ಹಿಮ್ಮಡಿಗೆ ಹೊಕ್ಕಿತು. ಜಗಲಿ ಮೇಲೆ ರಕ್ತದ ಗುರುತು ಕಂಡು ಮನೆಯವರು ಕೂಗಿದ ಮೇಲೇ ಅವರಿಗೆ ತಿಳಿದದ್ದು. ನರಗಳಿಗೆ ರಕ್ತ ಕೊಡೋ ಸಣ್ಣ ನಾಳಗಳೇ ಸೊರಗಿದ ಮೇಲೆ ನೋವು ತಿಳಿಸೋರು ಯಾರು? ಕಣ್ಣಿನ ಪರದೆಯಲ್ಲಿ, ಮೂತ್ರಪಿಂಡದಲ್ಲಿ ಇರೋ ನಮ್ಮ ಬಂಧುಗಳ ಕಥೆಯೂ ಇದೇ.

ನಿಮ್ಮ ಯಜಮಾನರು ಅಷ್ಟು ಅಜಾಗರೂಕರೇ?

ಅಯ್ಯೋ, ಕೊಬ್ಬರಿ ವಿಷಯದಲ್ಲಿ ಅವರಷ್ಟು ಎಚ್ಚರದ ಮನುಷ್ಯ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಎಲ್ಲ ಹುಡುಕಿದರೂ ಸಿಗೊಲ್ಲ! ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಕಾದಿಡ್ತಾರೆ. ಒಂದೊಂದನ್ನೂ ಕಿವಿ ಹತ್ರ ಅಲ್ಲಾಡಿಸಿ, ನೀರು ಇಂಗಿ ಗಿಟುಕು ಬಿಟ್ಟುಕೊಂಡಿದೆಯಾ ಅಂತ ಕೇಳ್ತಾರೆ. ತಿಪಟೂರು ಮಾರುಕಟ್ಟೆಯ ರೇಟು ಕಾಫಿಗೆ ಮುಂಚೆ ಗೊತ್ತಿರಬೇಕು. 2024ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲಿಗೆ 12,000 ಅಂತ ನಿದ್ದೆಯಲ್ಲೂ ಹೇಳ್ತಾರೆ. ಅವರ ಶುಗರ್ ಎಷ್ಟು ಅಂತ ಕೇಳಿ, ‘ನಮ್ಮ ತೋಟದ ಎಳನೀರು ಕುಡಿಯೋರಿಗೆ ಅದೆಲ್ಲ ಬರಲ್ಲ’ ಅಂತಾರೆ. ಎಳನೀರಲ್ಲೂ ಸಕ್ಕರೆ ಇದೆ ಸ್ವಾಮಿ. ಮುದ್ದೆ ಸಿಹಿ ಇಲ್ಲ ಅಂತ ಮೂರು ಹೊಡೆಯೋದೂ ಪಥ್ಯ ಅಲ್ಲ.

ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲವೇ?

ಒಂದ್ಸಲ ಮಾಡಿಸಿದರು. ಎರಡು ದಿನ ಮುಂಚಿನಿಂದ ಕೊಬ್ಬರಿ ಮಿಠಾಯಿ ಬಿಟ್ಟು, ಹಾಗಲಕಾಯಿ ರಸ ಕುಡಿದು ಹೋದರು. ಡಾಕ್ಟರು ಎಚ್‌ಬಿಎ1ಸಿ ಬರೆದುಬಿಟ್ಟರು. ಅದು ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ ಹೇಳುತ್ತೆ. ಯಜಮಾನರಿಗೆ ಆ ಲ್ಯಾಬೇ ಸರಿಯಿಲ್ಲ ಅನ್ನಿಸಿತು.

ಈಗಲಾದರೂ ಹಿಡಿತಕ್ಕೆ ತಂದರೆ ನೀವು ಎಲ್ಲ ಮರೆತುಬಿಡ್ತೀರಾ?

ಪೂರ್ತಿ ಮರೆಯೊಲ್ಲ. ಅಮೆರಿಕ, ಕೆನಡಾದಲ್ಲಿ ಟೈಪ್ 1 ಮಧುಮೇಹಿಗಳ ಮೇಲೆ ದೊಡ್ಡ ಅಧ್ಯಯನ ನಡೀತು. 1993ರಲ್ಲಿ ಫಲಿತಾಂಶ ಬಂತು. ಒಂದು ಗುಂಪು ಸಕ್ಕರೆಯನ್ನ ಬಿಗಿಯಾಗಿ ಹಿಡಿದಿಟ್ಟಿತ್ತು, ಇನ್ನೊಂದು ಸಡಿಲ ಬಿಟ್ಟಿತ್ತು. ಬಿಗಿಯಾಗಿ ನೋಡಿಕೊಂಡವರ ಕಣ್ಣು, ಮೂತ್ರಪಿಂಡ ಎಷ್ಟೋ ಉಳಿದವು. ಆಮೇಲೆ ಎರಡೂ ಗುಂಪಿನ ಸಕ್ಕರೆ ಹತ್ತಿರ ಹತ್ತಿರ ಒಂದೇ ಆದರೂ, ಮೊದಲು ಸಡಿಲ ಬಿಟ್ಟವರಿಗೆ ವರ್ಷಗಟ್ಟಲೆ ಹೆಚ್ಚು ಹಾನಿ ಆಗುತ್ತಲೇ ಇತ್ತು. ತಡವಾದರೂ ಲಾಭ ಇದ್ದೇ ಇದೆ. ಬೇಗ ಶುರು ಮಾಡಿದವರಿಗೆ ಇನ್ನೂ ಹೆಚ್ಚು.

ಓದುಗರಿಗೆ ಏನು ಹೇಳ್ತೀರಿ?

30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ತಪಾಸಣೆ ಉಚಿತ. ಬೆಳಿಗ್ಗೆ ತಿಂಡಿಗೆ ಮುಂಚೆ ಹೋಗಿ. 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದ್ಸಲ ಮಾಡಿಸಿ, ಡಾಕ್ಟರನ್ನ ಕಾಣಿ. ಹೋಗುವಾಗ ದಯವಿಟ್ಟು ಕಾಲಿಗೆ ಚಪ್ಪಲಿ ಹಾಕ್ಕೊಳ್ಳಿ.