ರಿಮಾರ್ಕ್ಸ್ ಕಾಲಂ

"ಏನು ಕೆಲಸ?" ಎಂದು ಕೇಳಿದವರಿಗೆ "ಸಾಫ್ಟ್‌ವೇರು" ಎಂದರೆ ಅವರ ಕುರ್ಚಿ ನನ್ನ ಕಡೆಗೆ ಒಂದಿಷ್ಟು ಸರಿಯುತ್ತದೆ. "ಎಲ್ಲಿ? ವೈಟ್‌ಫೀಲ್ಡೋ, ಎಲೆಕ್ಟ್ರಾನಿಕ್ ಸಿಟಿಯೋ?" "ಪೀಣ್ಯ" ಅನ್ನುತ್ತೇನೆ. ಕುರ್ಚಿ ಇದ್ದ ಜಾಗಕ್ಕೇ ವಾಪಸ್. ಪೀಣ್ಯ ಎಂದರೆ ಲೇತು, ಪ್ಲೇಟಿಂಗು, ಗಾರ್ಮೆಂಟ್ಸು; ಅಲ್ಲಿ ಸಾಫ್ಟ್‌ವೇರಿಗೇನು ಕೆಲಸ? ಮದುವೆ ಮನೆಯೊಂದರಲ್ಲಿ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡಪ್ಪ, ಮುಂದೆ ಒಳ್ಳೇದು ಸಿಗುತ್ತೆ" ಎಂದು ಸಮಾಧಾನ ಹೇಳಿದ್ದರು. ನನಗಾಗ ನಲವತ್ತು ದಾಟಿತ್ತು.

1970ರ ದಶಕದ ಕೊನೆಯಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಹೆಸರಿನ ಫ್ಯಾಕ್ಟರಿಗಳಿಗಿಂತ ಸಣ್ಣ ಶೆಡ್ಡುಗಳದ್ದೇ ಕಾರುಬಾರು. ನಾಲ್ಕು ಸಿಎನ್‌ಸಿ, ಎರಡು ಹಳೇ ಎಚ್‌ಎಂಟಿ ಲೇತು, ಮೂಲೆಯಲ್ಲಿ ಗಾಜಿನ ಪಾರ್ಟಿಷನ್ ಹಾಕಿದ ಆಫೀಸು, ಅದರೊಳಗೆ ಗಣೇಶನ ಪಟ, ಪಟದ ಕೆಳಗೆ ಒಂದು ಕಂಪ್ಯೂಟರು. ಆ ಕಂಪ್ಯೂಟರಿನೊಳಗಿನ ಲೆಕ್ಕದ ಪ್ರೋಗ್ರಾಮು ನನ್ನ ಹೊಟ್ಟೆಪಾಡು. ಗಿರಾಕಿಯ ಶೆಡ್ಡು ಹುಡುಕುವುದೇ ಅರ್ಧ ದಿನದ ಕೆಲಸ. ಇಲ್ಲಿ ಸ್ಟೇಜು ಇದೆ, ಫೇಸು ಇದೆ, ಮೇನು ಇದೆ, ಕ್ರಾಸು ಇದೆ. ಎಲ್ಲಕ್ಕೂ ಒಂದು, ಎರಡು, ಮೂರು ಎಂದೇ ನಾಮಕರಣ. ವಿಳಾಸಕ್ಕೆಂದು ಅಚ್ಚುಕಟ್ಟಾಗಿ ನಾಲ್ಕು ಕಾಲಂ ಮಾಡಿಕೊಟ್ಟರೆ ನಾಲ್ಕನ್ನೂ ಖಾಲಿ ಬಿಟ್ಟು, ಕೊನೆಯ ರಿಮಾರ್ಕ್ಸ್ ಕಾಲಮ್ಮಿನಲ್ಲಿ "ವೇ ಬ್ರಿಡ್ಜ್ ಹಿಂದೆ, ನೀಲಿ ಗೇಟು" ಎಂದು ಟೈಪ್ ಮಾಡಿರುತ್ತಾರೆ. ಗೂಡ್ಸ್ ಆಟೋದವನು ತಲುಪುವುದೂ ಅದನ್ನು ನಂಬಿಯೇ.

"ಟ್ಯಾಲಿ ಇದೆಯಲ್ಲ, ನೀವ್ಯಾಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟ್ಯಾಲಿಯೂ ನಮ್ಮ ಬೆಂಗಳೂರಿನದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೆ ಮಗನಿಗೆ ನೀನೇ ಬರಿ ಎಂದರು. ಮಗ ಭರತ್ ಗೋಯೆಂಕಾ ಬರೆದರು; 2020ರಲ್ಲಿ ಪದ್ಮಶ್ರೀಯೂ ಬಂತು. ನಮ್ಮಪ್ಪನೂ ನನಗೆ "ಬರಿಯೋ, ಬರಿಯೋ" ಎಂದು ಬೆನ್ನು ಬಿದ್ದದ್ದುಂಟು. ಅವರು ಹೇಳುತ್ತಿದ್ದುದು ಬ್ಯಾಂಕ್ ಪರೀಕ್ಷೆಯನ್ನು. ಇರಲಿ. ದುಡ್ಡಿನ ಲೆಕ್ಕಕ್ಕೆ ಟ್ಯಾಲಿ, ಕಬ್ಬಿಣದ ಲೆಕ್ಕಕ್ಕೆ ನಾನು.

ಈ ಕಬ್ಬಿಣದ ಲೆಕ್ಕ ಸುಲಭದ್ದಲ್ಲ. ಜಾಬ್‌ವರ್ಕ್ ಮಾಡುವ ಶೆಡ್ಡಿಗೆ ಕಬ್ಬಿಣ ತನ್ನದಲ್ಲ, ಕೆಲಸ ಕೊಟ್ಟ ಕಂಪನಿಯದು. ರಾಡು ಬರುವುದು ಡಿಸಿ ಜೊತೆಗೆ. (ಡೆಲಿವರಿ ಚಲನ್ನಿಗೆ ಇಲ್ಲಿ ಎಲ್ಲರೂ ಡಿಸಿ ಎಂದೇ ಅನ್ನುವುದು; ಜಿಲ್ಲಾಧಿಕಾರಿಗಳು ಕ್ಷಮಿಸಬೇಕು.) ಬರುವಾಗ ಕೆಜಿ ಲೆಕ್ಕ, ಪೀಸಾಗಿ ಹೋಗುವಾಗ ನಂಬರ್ ಲೆಕ್ಕ. ನಡುವೆ ಕಾಣೆಯಾದದ್ದು ಚಿಪ್ಸಾಗಿ ನೆಲದ ಮೇಲಿರುತ್ತದೆ, ರಿಜೆಕ್ಷನ್ ಡಬ್ಬದಲ್ಲಿರುತ್ತದೆ, ಇಲ್ಲವೇ ರಾಡಿನ ತುದಿಯ ತುಂಡಾಗಿ ಮಿಷನ್ನಿನ ಕೆಳಗೆ ಉರುಳಿರುತ್ತದೆ. ಇಷ್ಟು ಸಾಲದೆಂದು ಪೀಸುಗಳು ಮಧ್ಯದಲ್ಲಿ ಪ್ಲೇಟಿಂಗಿಗೆ ಬೇರೆ ಹೋಗಿ ಬರಬೇಕು. ಐನೂರು ಕಳಿಸಿದರೆ ಒಂದು ದಿನ ಇನ್ನೂರು, ಆಮೇಲೆ ನೂರ ಎಂಬತ್ತು, ಮತ್ತೊಮ್ಮೆ ನೂರು. ಸೀಮಂತಕ್ಕೆಂದು ಅಕ್ಕಪಕ್ಕದ ಮನೆಗಳಿಗೆ ಕೊಟ್ಟ ಪಾತ್ರೆಗಳು ಹೀಗೇ ಕಂತು ಕಂತಾಗಿ ಬರುವುದು, ಜೊತೆಗೆ ಇನ್ಯಾರದೋ ಸೌಟು ಸೇರಿಕೊಂಡಿರುವುದು. ಒಂದು ಚಲನ್ನಿಗೆ ಹಲವು ವಾಪಸಾತಿಗಳನ್ನು ಜೋಡಿಸುವ ಸೂತ್ರವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಎಂಬ ಮಹಾನುಭಾವರು 1970ರಲ್ಲೇ ಕೊಟ್ಟಿದ್ದಾರೆ. ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿಡಿ, ಒಂದರಿಂದೊಂದಕ್ಕೆ ನಂಟು ಕಟ್ಟಿ ಎಂಬುದು ಅವರ ಸಿದ್ಧಾಂತದ ಸಾರ. ಸೌಟಿನ ಬಗ್ಗೆ ಅವರು ಏನೂ ಹೇಳಿಲ್ಲ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲಂತೂ ಈ ಕಂತಿನ ವಾಪಸಾತಿಗೆ ಮಹತ್ವ ಬಂತು. ಜಾಬ್‌ವರ್ಕಿಗೆ ಕಳಿಸಿದ ಕಚ್ಚಾಮಾಲು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಅದನ್ನು ಮಾರಿದಂತೆ ಲೆಕ್ಕ. ಕಳಿಸಿದವರು ತೆರಿಗೆಯನ್ನು ಬಡ್ಡಿಸಮೇತ ಕಟ್ಟಬೇಕು. ಹಾಗಾಗಿ ದೊಡ್ಡ ಕಂಪನಿಯ ಅಕೌಂಟ್ಸ್‌ನವರು ಫೋನ್ ಹಚ್ಚಿ, "ಆ ಇಪ್ಪತ್ತು ಪೀಸ್ ಎಲ್ರೀ?" ಎಂದು ಗದರುತ್ತಾರೆ. ನನ್ನ ಪ್ರೋಗ್ರಾಮಿನಲ್ಲಿ ಅದಕ್ಕೆ ಉತ್ತರವಿದೆ: ಬಾಕಿ, 20. ಏಕೆ ಬಾಕಿ? ಅದು ರಿಮಾರ್ಕ್ಸ್‌ನಲ್ಲಿದೆ: "ಪ್ಲೇಟಿಂಗ್‌ನವರ ಟ್ಯಾಂಕ್ ಒಳಗೆ ಬಿದ್ದಿದೆ. ಕ್ಲೀನ್ ಮಾಡಿದಾಗ ಕೊಡ್ತಾರಂತೆ."

ಈ ಲೆಕ್ಕ ಬರೆಯಲು ನಾನು ಕಲಿತದ್ದು ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಭಾಷೆ. ಕಾಲಮ್ಮಿನ ಹೆಸರು ಹತ್ತು ಅಕ್ಷರ ದಾಟುವಂತಿಲ್ಲ ಎಂಬ ಶಿಸ್ತಿನ ಕಾಲ ಅದು. ಅದರ ಒಂದು ಗುಣವನ್ನು ಮಾತ್ರ ನಾನು ಇಂದಿಗೂ ನೆನೆಯುತ್ತೇನೆ. ಡಿಲೀಟ್ ಎಂದರೆ ಅಳಿಸುತ್ತಿರಲಿಲ್ಲ, ಬರೀ ಗುರುತು ಹಾಕಿಡುತ್ತಿತ್ತು. ಪ್ಯಾಕ್ ಎಂದು ಆಜ್ಞೆ ಕೊಟ್ಟರಷ್ಟೇ ಶಾಶ್ವತವಾಗಿ ಹೋಗುವುದು. ಅದಕ್ಕೆ ಮೊದಲು ರೀಕಾಲ್ ಎಂದರೆ ಎದ್ದು ಬರುವುದು. "ಆ ಸಪ್ಲೈಯರ್ ಹೆಸರೇ ಇರಬಾರ್ದು, ತೆಗೆದು ಬಿಸಾಕಿ" ಎಂದು ಕೂಗಾಡಿದ ಮಾಲೀಕರು ಮುಂದಿನ ವಾರ ಅದೇ ಸಪ್ಲೈಯರ್ ಜೊತೆ ಬೈಟೂ ಟೀ ಕುಡಿಯುವ ಊರಿಗೆ ಹೇಳಿ ಮಾಡಿಸಿದ ಏರ್ಪಾಡು. 1992ರಲ್ಲಿ ಫಾಕ್ಸ್ ಕಂಪನಿಯನ್ನು ಕೊಂಡ ಮೈಕ್ರೋಸಾಫ್ಟ್, ವಿಷುಯಲ್ ಫಾಕ್ಸ್‌ಪ್ರೋದ 9ನೇ ಆವೃತ್ತಿಗೆ ಕೈಮುಗಿದು 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿತು. ಮೈಕ್ರೋಸಾಫ್ಟ್ ಪ್ಯಾಕ್ ಕೊಟ್ಟಿದೆ, ಪೀಣ್ಯ ಇನ್ನೂ ಕೊಟ್ಟಿಲ್ಲ. 64 ಬಿಟ್ ವಿಂಡೋಸ್ ಹಳೇ ಡಾಸ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಿಪಿಯು ಡಬ್ಬವೊಂದಕ್ಕೆ ಟವೆಲ್ ಹೊದಿಸಿ ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿರುವ ಶೆಡ್ಡನ್ನು ನಾನು ಬಲ್ಲೆ.

ಪೂಜೆ ಎಂದಾಗ ಆಯುಧಪೂಜೆ ನೆನಪಾಯಿತು. ಅಂದು ಪೀಣ್ಯದ ರಸ್ತೆಗಳಲ್ಲಿ ಒಡೆದ ಬೂದುಗುಂಬಳಕಾಯಿ ತುಳಿಯದೆ ನಡೆಯುವುದು ಸರ್ಕಸ್ಸು. ಮಿಷನ್ನುಗಳಿಗೆಲ್ಲ ಬಾಳೆಕಂಬ, ಚೆಂಡುಹೂವು. ಕಂಪ್ಯೂಟರಿಗೂ ಅರಿಶಿನ ಕುಂಕುಮ. ಎಂಟರ್ ಕೀಗೆ ಕುಂಕುಮ ಇಟ್ಟು ಅದು ಒಳಗಿಳಿದು, ದೀಪಾವಳಿವರೆಗೂ ಒತ್ತಿದ್ದು ಮೇಲೇಳದ ಕೀಬೋರ್ಡುಗಳನ್ನು ನಾನು ಟೂತ್‌ಬ್ರಷ್ಷಿನಿಂದ ಉಜ್ಜಿದ್ದೇನೆ. ಪ್ರೋಗ್ರಾಮ್ ಬರೆದವನ ಕರ್ತವ್ಯಗಳಲ್ಲಿ ಅದೂ ಸೇರಿದೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಮಾಲೀಕರ ಮಗಳ ಕಾಲೇಜು ಅರ್ಜಿ ತುಂಬುವುದು ಕೂಡ.

ಈಗ ಡೆಸ್ಕ್‌ಟಾಪ್ ಯಾರಿಗೂ ಬೇಡ. "ತಿರುಪತಿಗೆ ಹೋದ್ರೂ ಮೊಬೈಲಲ್ಲಿ ಕಾಣ್ಬೇಕು" ಎಂಬುದು ಹೊಸ ಬೇಡಿಕೆ. ಪಿಎಚ್‌ಪಿ, ಮೈಎಸ್‌ಕ್ಯುಎಲ್ ಹಿಡಿದು, ಬ್ರೌಸರಿನಲ್ಲಿ ತೆರೆಯುವಂತೆ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಟ್ಟೆ. ಮಾಲೀಕರು ಕ್ಯೂನಲ್ಲಿ ನಿಂತೇ "ಮೂರನೇ ಮಿಷನ್ ಯಾಕೋ ನಿಂತಿದೆ?" ಎಂದು ಫೋನಾಯಿಸುವುದನ್ನು ಕಂಡು ಆಪರೇಟರುಗಳು ನನ್ನನ್ನು ಮಾತಾಡಿಸುವುದೇ ಬಿಟ್ಟರು. ಇತ್ತ ಚರಂಡಿ ತೋಡುವವರು ಕೇಬಲ್ಲಿಗೆ ಹಾರೆ ಹಾಕಿದ ದಿನ ಇಂಟರ್‌ನೆಟ್ಟು ಇಲ್ಲ. ಸ್ಟೋರ್ ನೋಡಿಕೊಳ್ಳುವ ಅಣ್ಣ ರಟ್ಟಿನ ಚೂರಿನ ಮೇಲೆ ಬರೆದಿಟ್ಟು ಮಾರನೇ ದಿನ ಎಂಟ್ರಿ ಹಾಕುತ್ತಾರೆ. ನಿಜವಾದ ತಾರೀಖು ಎಲ್ಲಿ? ರಿಮಾರ್ಕ್ಸ್‌ನಲ್ಲಿ.

ಒಂದು ಮಧ್ಯಾಹ್ನ ಆ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದುತ್ತಾ ಕೂತೆ. "ಈ ಡ್ರಾಯಿಂಗ್ ನಂಬಬೇಡಿ, ಹಳೇ ಸ್ಯಾಂಪಲ್ ನೋಡಿ." "ಪಾರ್ಟಿ ಮಗಳ ಮದುವೆ, ಪೇಮೆಂಟ್ ಕೇಳೋದು ಬೇಡ." "ಗೇಜ್ ಇನ್ಸ್‌ಪೆಕ್ಟರ್ ಹತ್ರ ಉಳೀತು, ನಾಚ್ಕೆ ಆಗಿ ಕೇಳಿಲ್ಲ." ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಉಳಿದ ಕೋಷ್ಟಕಗಳಲ್ಲಿ ಅಂಕಿಗಳಿದ್ದವು, ಶೆಡ್ಡು ನಡೆಯುವ ಬಗೆ ಪೂರ್ತಿ ಇಲ್ಲಿತ್ತು. ಆದರೂ ಕಸುಬಿನ ಚಟ ಬಿಡಬೇಕಲ್ಲ. ಇದನ್ನೂ ಶಿಸ್ತಿಗೆ ತರೋಣವೆಂದು ಕಾರಣಗಳ ಪಟ್ಟಿ ಮಾಡಿ ಆಯ್ಕೆಗೆ ಬಿಟ್ಟೆ: ಸಾಗಣೆ ವಿಳಂಬ, ರೀವರ್ಕ್, ತೂಕದ ವ್ಯತ್ಯಾಸ, ಇತರೆ. ಎಲ್ಲರೂ "ಇತರೆ" ಒತ್ತಿ, ರಿಮಾರ್ಕ್ಸ್ ಕಾಲಮ್ಮಿಗೇ ಹೋಗಿ ಕೂತರು.

ಮೊನ್ನೆ ಸ್ಟೋರಿನ ಅಣ್ಣನ ಫೋನು. "ಸಾರ್, ರಿಮಾರ್ಕ್ಸು ತುಂಬೋಯ್ತು, ಅಕ್ಷರ ತಗೋತಿಲ್ಲ. ಪಕ್ಕದಲ್ಲಿ ಇನ್ನೊಂದು ರಿಮಾರ್ಕ್ಸ್ ಹಾಕ್ಕೊಡಿ."

255 ಅಕ್ಷರ ಇಟ್ಟಿದ್ದೆ. "ಎಷ್ಟಕ್ಷರ ಬೇಕಾಗ್ಬೋದು ಅಣ್ಣ?" ಎಂದೆ.

"ಅದ್ಹೆಂಗೆ ಈಗ್ಲೇ ಹೇಳೋದು ಸಾರ್? ಗಾಡಿ ಇನ್ನೂ ಬಂದಿಲ್ಲ."