ಬೈಬಲ್ ವಿದ್ವದ್ಗ್ರಂಥ ಚಯನ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಬೈಬಲ್ ಮತ್ತು ಆದಿಕ್ರೈಸ್ತ ಸಮಾಜದ ಬಗ್ಗೆ ಇರುವ ವಿದ್ವತ್ಪೂರ್ಣ ಗ್ರಂಥಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು. ಅಧಿಕಾರಿ: ಬೈಬಲ್ ಓದಬೇಕೆಂದು ಹೊರಟು, ಅದಕ್ಕೂ ಮುಂಚೆ ಬೈಬಲಿನ ಬಗ್ಗೆ ನಾಲ್ಕು ಪುಸ್ತಕ ಓದಿಕೊಳ್ಳುವುದು ಕ್ಷೇಮವೆಂದು ಯಾರೋ ಹೇಳಿದ್ದು ಕೇಳಿ, ಆಮೇಲೆ ಬೈಬಲಿನ ಕಡೆ ತಿರುಗಿಯೂ ನೋಡದವನು. ಸಂಬಂಧ: ಕಪಾಟಿನದು. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು. ನಾವು ಮರೆತರೆ ಯಾರೂ ನೆನಪಿಸತಕ್ಕದ್ದಲ್ಲ.

ಮೊದಲು ನಾಮವಿಚಾರ. ಕನ್ನಡ ಬಲ್ಲ ಜಿಜ್ಞಾಸು ದೇವಶಾಸ್ತ್ರದ ಗ್ರಂಥಾಲಯ ಹೊಕ್ಕರೆ, ಎಲ್ಲರೂ ‘ಕಿಟೆಲ್’ ಎಂದೇ ಕರೆಯುವ ಹತ್ತು ದಪ್ಪ ಸಂಪುಟಗಳು ಎದುರಾಗುತ್ತವೆ. ಆಹಾ, ನಮ್ಮ ಕಿಟೆಲ್ ಸಾಹೇಬರು ಎಂದು ಅವನು ಕೈಮುಗಿಯುತ್ತಾನೆ. ಇದು ಪೂರ್ವಪಕ್ಷ. ಸಿದ್ಧಾಂತವೇನೆಂದರೆ, ಕಿಟೆಲ್ಲರು ಮೂವರು. ಬಾಸೆಲ್ ಮಿಷನ್ನಿನಿಂದ ಬಂದು 1894ರಲ್ಲಿ ಎಪ್ಪತ್ತು ಸಾವಿರ ಪದಗಳ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡರು ನಮ್ಮವರು. 1906ರಲ್ಲಿ ಲೈಪ್‌ಜಿಗ್‌ನಿಂದ ಹೀಬ್ರೂ ಬೈಬಲಿನ ಪರಿಷ್ಕರಣ ಹೊರತಂದ ರುಡಾಲ್ಫ್ ಬೇರೆ. ಆ ರುಡಾಲ್ಫನ ಮಗ ಗೆರ್ಹಾರ್ಟ್, ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಈ ಹತ್ತು ಸಂಪುಟಗಳ ಮೂಲ ಸಂಪಾದಕ. ಸಾಲದ್ದಕ್ಕೆ ನಮ್ಮವರೂ ಗೆರ್ಹಾರ್ಟನೂ ಕಣ್ಣು ಮುಚ್ಚಿದ್ದು ಒಂದೇ ಊರಿನಲ್ಲಿ, ಟ್ಯೂಬಿಂಗನ್ನಿನಲ್ಲಿ. ವಿಧಿ ಹೀಗೆ ಗೊಂದಲ ಮಾಡಲೆಂದೇ ಕೂತರೆ ಗ್ರಂಥಪಾಲಕ ಪಾಪ ಏನು ಮಾಡಿಯಾನು?

ಗೊಂದಲ ಬಿಡಿಸಿಕೊಳ್ಳುವುದು ಬರೀ ಕುತೂಹಲಕ್ಕಲ್ಲ. ಗೆರ್ಹಾರ್ಟನ ಮೊದಲ ಸಂಪುಟ ಹೊರಬರುತ್ತಿದ್ದುದು 1933ರಲ್ಲಿ. ಅದೇ ವರ್ಷ ಆತ ಹಿಟ್ಲರನ ಪಕ್ಷ ಸೇರಿದ. ಹಾಗೆಂದು ಹತ್ತೂ ಸಂಪುಟಗಳನ್ನು ರದ್ದಿಗೆ ಹಾಕಬೇಕಿಲ್ಲ. ಅದರಲ್ಲಿ ಬರೆದವರು ಹಲವರು, ವಿದ್ವತ್ತು ಅಗಾಧ. ಆದರೆ ಯೇಸುವಿನ ಕಾಲದ ಯೆಹೂದ್ಯರು ಬರೀ ಕರ್ಮಠರು, ಒಣ ವಿಧಿಗಳಲ್ಲಿ ಸಿಕ್ಕಿಬಿದ್ದವರು ಎಂಬ ಧಾಟಿ ಬಂದಲ್ಲೆಲ್ಲ ಓದುಗ ಪೆನ್ಸಿಲ್ ಕೈಗೆತ್ತಿಕೊಳ್ಳತಕ್ಕದ್ದು. ಇದರಿಂದ ಕಾಲಾಧಿಕರಣದ ಸೂತ್ರವೂ ಹೊರಡುತ್ತದೆ. ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪೌಲನ ಮೇಲೆ ಬರೆದ ಗ್ರಂಥದಲ್ಲಿ ಯೆಹೂದ್ಯ ಮೂಲಗಳನ್ನೇ ಓದಿ ಆ ಚಿತ್ರವನ್ನು ಅಲುಗಾಡಿಸಿದರು. ಅವರು ಹೇಳಿದ್ದನ್ನು ಎಲ್ಲರೂ ಒಪ್ಪಿಲ್ಲ, ಆದರೆ ಬೈಯಲಿಕ್ಕಾದರೂ ಅವರ ಹೆಸರೆತ್ತದೆ ಮುಂದೆ ಹೋದವರೂ ಇಲ್ಲ. ಆದ್ದರಿಂದ ಪೌಲನ ಬಗ್ಗೆ ಈಚೆಗೆ ಬಂದ ಪುಸ್ತಕ ಕೈಗೆ ಬಂದರೆ ಹಿಂದಿನಿಂದ ತೆರೆ (ಹೀಬ್ರೂ ಬೈಬಲನ್ನು ತೆರೆಯುವುದೂ ಆ ಕಡೆಯಿಂದಲೇ, ಆಚಾರಕ್ಕೇನೂ ಲೋಪವಿಲ್ಲ), ಹೆಸರುಗಳ ಸೂಚಿ ನೋಡು, ಸ್ಯಾಂಡರ್ಸ್ ಇಲ್ಲದಿದ್ದರೆ ಇದ್ದಲ್ಲೇ ಇಡು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಪುಸ್ತಕ ಓದುವ ಕಷ್ಟವೂ ಇಲ್ಲ. ಹಕ್ಕು ತೀರಿದ ನೂರು ವರ್ಷದ ಹಿಂದಿನ ವ್ಯಾಖ್ಯಾನಗಳು ಪುಕ್ಕಟೆ ಸಿಗುತ್ತವೆಂದು ಕುಣಿಯುವವರಿಗೆ ಒಂದೇ ಮಾತು: ಪ್ರಾಚೀನ ಯೆಹೂದ್ಯರ ಬರಹಗಳಾದ ಮೃತ ಸಮುದ್ರದ ಸುರುಳಿಗಳು ಗುಹೆಯಿಂದ ಹೊರಬರತೊಡಗಿದ್ದು 1947ರಲ್ಲಿ, ಆ ವ್ಯಾಖ್ಯಾನಕಾರರು ಅವನ್ನು ಕಂಡೇ ಇರಲಿಲ್ಲ.

ಇನ್ನು ಗಾತ್ರವಿಚಾರ. ಇಲ್ಲಿ ಪ್ರಸ್ತುತ ಲೇಖಕರು ಕಂಡುಕೊಂಡ ವ್ಯಸ್ತಾನುಪಾತ ನಿಯಮವನ್ನು ಲೋಕದ ಮುಂದಿಡುತ್ತಿದ್ದೇವೆ: ಮೂಲ ಕುಗ್ಗಿದಷ್ಟೂ ವ್ಯಾಖ್ಯಾನ ಹಿಗ್ಗುತ್ತದೆ. ಪ್ರಮಾಣ ಬೇಕೆ? ಪೌಲ ಫಿಲೆಮೋನನಿಗೆ ಬರೆದ ಪತ್ರದಲ್ಲಿ ಇರುವುದೇ 25 ವಚನ. ನಿನ್ನ ದಾಸ ಓನೇಸಿಮನನ್ನು ನಿನ್ನ ಬಳಿಗೇ ಕಳಿಸುತ್ತಿದ್ದೇನೆ, ಸಹೋದರನಂತೆ ಸೇರಿಸಿಕೋ, ಅವನದೇನಾದರೂ ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ಹಾಗೇ ನನಗೊಂದು ಕೋಣೆ ಅಣಿ ಮಾಡಿಡು. ಇಷ್ಟೇ. ಇದರ ಮೇಲೆ ಮಾರ್ಕುಸ್ ಬಾರ್ಟ್ ಮತ್ತು ಹೆಲ್ಮುಟ್ ಬ್ಲಾಂಕೆ ಬರೆದು 2000ದಲ್ಲಿ ಪ್ರಕಟವಾದ ವ್ಯಾಖ್ಯಾನ ಐನೂರು ಪುಟ ಮೀರಿದೆ. ರೋಮನ್ ಜಗತ್ತಿನ ದಾಸ್ಯಪದ್ಧತಿ ತಿಳಿಯದೆ ಪತ್ರ ಅರ್ಥವಾಗದು ಎಂಬುದೇನೋ ನಿಜ. ಆದರೆ ಆ ಕೋಣೆ ಅಣಿಯಾಗುವವರೆಗೆ ಪೌಲ ಜಗಲಿಯಲ್ಲೇ ಕಾಯಬೇಕು. ಇನ್ನೊಂದು ಪ್ರಮಾಣ: ಮ್ಯಾಂಚೆಸ್ಟರಿನಲ್ಲಿ ಯೋಹಾನನ ಸುವಾರ್ತೆಯ ಒಂದು ಪಪೈರಸ್ ಚೂರಿದೆ, ಬಸ್ ಪಾಸಿನಷ್ಟು ಅಗಲ. 1935ರಲ್ಲಿ ಅದನ್ನು ಪ್ರಕಟಿಸಿದವರು ಅಕ್ಷರದ ಬಾಗು ನೋಡಿ ಎರಡನೆಯ ಶತಮಾನದ ಮೊದಲರ್ಧದ್ದೆಂದರು. ಬರೀ ಕೈಬರಹ ನೋಡಿ ಅಷ್ಟು ಖಚಿತವಾಗಿ ಹೇಳಲಾಗದೆಂದು ಆಮೇಲಿನವರು ತಕರಾರೆತ್ತಿದರು. ಆ ಚೂರಿನ ಮೇಲೆ ಬಂದ ಬರಹವನ್ನೆಲ್ಲ ಒಟ್ಟಿದರೆ ಚೂರು ಕೆಳಗೆಲ್ಲೋ ಕಳೆದುಹೋದೀತು.

ನಿಯಮವನ್ನು ಅದರ ತುದಿಗೆ ಒಯ್ದರೆ, ಮೂಲವೇ ಇಲ್ಲದ ಗ್ರಂಥಕ್ಕೆ ಎಷ್ಟು ಪುಟ ಎಂಬ ಪ್ರಶ್ನೆ ಏಳುತ್ತದೆ. ಮತ್ತಾಯನಲ್ಲೂ ಲೂಕನಲ್ಲೂ ಇದ್ದು ಮಾರ್ಕನಲ್ಲಿ ಇಲ್ಲದ ಮಾತುಗಳು ಒಂದು ಹಳೆಯ ಸಂಗ್ರಹದಿಂದ ಬಂದಿರಬೇಕೆಂದು ವಿದ್ವಾಂಸರು ಊಹಿಸಿ ಅದಕ್ಕೆ ‘ಕ್ಯೂ’ ಎಂದು ಹೆಸರಿಟ್ಟರು. ಅದರ ಒಂದೇ ಒಂದು ಹಸ್ತಪ್ರತಿ ಇದುವರೆಗೆ ಸಿಕ್ಕಿಲ್ಲ. ಆದರೂ 2000ದಲ್ಲಿ ಅದರ ವಿಮರ್ಶಾತ್ಮಕ ಆವೃತ್ತಿ ಹೊರಬಂತು, ಅದೂ ಐನೂರು ಪುಟ ಮೀರಿ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ, ಅಂದರೆ ಕಾಣದಿರುವುದನ್ನೂ, ಒಂದು ಪ್ರಮಾಣವೆಂದು ಒಪ್ಪಿದ್ದಾರಾದರೂ, ಅದರಿಂದ ಸಾಧಿಸಿದ್ದು ಮಡಕೆ ಇಲ್ಲ ಎಂಬುದನ್ನು, ಮಡಕೆಯ ಆವೃತ್ತಿಯನ್ನಲ್ಲ. ನಗುವುದಾದರೆ ನಗಿ, ಆದರೆ ಕೊಳ್ಳುವುದಾದರೆ ಈ ಪುಸ್ತಕವನ್ನೇ ಕೊಳ್ಳಿ. ಎಲ್ಲಿ ಊಹೆ, ಎಲ್ಲಿ ಖಚಿತ ಎಂದು ಗುರುತು ಹಾಕಿ ತೋರಿಸುವ ಪ್ರಾಮಾಣಿಕತೆ, ಇರುವ ಗ್ರಂಥಗಳ ಮೇಲೆ ಬರೆಯುವ ಎಷ್ಟೋ ಮಂದಿಗಿಲ್ಲ.

ಕೊನೆಗೆ ನಿಷ್ಪಕ್ಷಪಾತ. ಲೇಖಕ ಭಕ್ತನೋ ನಾಸ್ತಿಕನೋ ಎಂದು ಮೊದಲು ಕೇಳುವುದು ಕೊಳ್ಳುವವರ ರೂಢಿ. ಅದರಿಂದ ಏನೂ ಬಗೆಹರಿಯದು. ಆಲ್ಬರ್ಟ್ ಶ್ವೈಟ್ಸರ್ ತನಗಿಂತ ಮುಂಚೆ ಬಂದ ಯೇಸು ಚರಿತ್ರೆಗಳನ್ನೆಲ್ಲ ಸಾಲಾಗಿ ಓದಿ, ಬರೆದವರೆಲ್ಲ ತಮ್ಮ ತಮ್ಮ ಮುಖವನ್ನೇ ಯೇಸುವಿಗೆ ಅಂಟಿಸಿದ್ದಾರೆಂದು 1906ರಲ್ಲೇ ತೋರಿಸಿದ್ದ. ಆಮೇಲೂ ಅಂಟಿಸುವುದೇನೂ ನಿಲ್ಲಲಿಲ್ಲ. ಇದಕ್ಕೆ ಅಮೆರಿಕದ ಕ್ಯಾಥೊಲಿಕ್ ಪಾದ್ರಿ ಜಾನ್ ಮೈಯರ್ ಒಂದು ಉಪಾಯ ಹೂಡಿದರು. ಒಬ್ಬ ಕ್ಯಾಥೊಲಿಕ್, ಒಬ್ಬ ಪ್ರಾಟೆಸ್ಟೆಂಟ್, ಒಬ್ಬ ಯೆಹೂದ್ಯ, ಒಬ್ಬ ಅಜ್ಞೇಯವಾದಿ, ನಾಲ್ವರೂ ಗಟ್ಟಿ ವಿದ್ವಾಂಸರು. ಅವರನ್ನು ಹಾರ್ವರ್ಡಿನ ದೇವಶಾಸ್ತ್ರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೂಡಿ ಹಾಕಿ, ಬಡ ಊಟ ಕೊಟ್ಟು, ಯೇಸುವಿನ ಬಗ್ಗೆ ಎಲ್ಲರೂ ಒಪ್ಪುವ ಒಂದು ಬರಹ ತಯಾರಾಗುವವರೆಗೆ ಬಿಡದಿದ್ದರೆ? ಇದು ಅವರ ಕಲ್ಪನೆ. ಆ ಕಲ್ಪನೆಯ ಬೆನ್ನು ಹತ್ತಿ 1991ರಿಂದ 2016ರವರೆಗೆ ಐದು ಸಂಪುಟ ಬರೆದರು, ಈ ಇಡೀ ಕ್ಷೇತ್ರದಲ್ಲಿ ಇಷ್ಟು ಸಾವಧಾನದ ಕೆಲಸ ಕಡಿಮೆ. ಕೆಲಸ ಮುಗಿಯುವ ಮುಂಚೆ, 2022ರಲ್ಲಿ, ಮೈಯರ್ ತೀರಿಕೊಂಡರು. ನೆಲಮಾಳಿಗೆಯ ಬೀಗದ ಕೈ ಯಾರ ಹತ್ತಿರವಿದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.