ಕಾರ್ಡ್ ಮೀಮಾಂಸೆ, ಅಥವಾ ಅಂಗಿಗೂ ಅಸಲಿಗೂ ಇರುವ ಭೇದದ ನಿರೂಪಣೆ

ಮಂಗಳೂರಿನ ಹಂಪನಕಟ್ಟೆಯಿಂದ ಪಾಂಡೇಶ್ವರದ ತನಕ ಮಾಲ್‌ಗಳಲ್ಲಿ ಸಂಚರಿಸುವ ಜೀವಕ್ಕೆ ಬಿಲ್ಲಿಂಗ್ ಕೌಂಟರಿನಲ್ಲಿ ಆಗುವ ಉಪದೇಶ ಇದು: ‘ಸರ್, ನಮ್ಮ ಕಾರ್ಡ್ ಉಂಟಾ? ಇದ್ರೆ ಟೆನ್ ಪರ್ಸೆಂಟ್ ಕಮ್ಮಿ ಆಗ್ತದೆ.’ ಈ ವಾಕ್ಯ ಅಪೌರುಷೇಯ. ಮೊದಲು ಯಾರು ನುಡಿದರೋ ತಿಳಿಯದು. ಎಲ್ಲ ಕೌಂಟರುಗಳಲ್ಲೂ ಒಂದಕ್ಷರ ಹೆಚ್ಚುಕಡಿಮೆಯಾಗದೆ ಕೇಳಿಬರುತ್ತದೆ. ಇದರ ಅರ್ಥನಿರ್ಣಯವೇ ಪ್ರಸ್ತುತ ಗ್ರಂಥದ ವಿಷಯ. ಅಧಿಕಾರಿ ಯಾರೆಂದರೆ, ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಅರ್ಜಿ ಫಾರಂ ಹಿಡಿದು, ಹಿಂದಿನ ಸಾಲಿನವರ ‘ಬೇಗ ಮಾರಾಯ್ರೇ’ ಎಂಬ ಶಬ್ದವನ್ನು ಕಿವಿಯಲ್ಲಿ ತುಂಬಿಕೊಂಡವನು.

ಪೂರ್ವಪಕ್ಷವನ್ನು ಮಂಡಿಸುವವರು ಅದ್ವೈತಿಗಳು. ಬ್ಯಾಂಕು ಕೊಡುವ ಈ ಕ್ರೆಡಿಟ್ ಕಾರ್ಡಿನ ಮಿತಿಯೂ ನನ್ನ ಹಣವೂ ಒಂದೇ, ಎರಡೆಂದು ತೋರುವುದು ಭ್ರಮೆ, ಆ ಭ್ರಮೆಯೂ ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಬಂದ ದಿನ ಮಾತ್ರ ಎಂಬುದು ಇವರ ಮತ. ಒಂದು ಲಕ್ಷದ ಮಿತಿ ಮಂಜೂರಾದಾಗ ಮನೆಗೆ ಫೋನ್ ಮಾಡಿ ‘ಒಂದು ಲಕ್ಷ ಬಂತು’ ಎನ್ನುವವರು ಈ ಪಂಥದವರು.

ಉಡುಪಿ ಇಷ್ಟು ಹತ್ತಿರವಿರುವಾಗ ಈ ವಾದ ನಿಲ್ಲುವುದು ಕಷ್ಟ. ಮಧ್ವಾಚಾರ್ಯರು ಪಂಚಭೇದ ಸಾರಿದ ನೆಲ ಇದು. ಕಾರ್ಡಿಗೂ ಅದನ್ನೇ ಅನ್ವಯಿಸಬಹುದು. ಬ್ಯಾಂಕಿಗೂ ಗ್ರಾಹಕನಿಗೂ ಭೇದ: ಒಂದು ಸ್ವತಂತ್ರ, ಇನ್ನೊಂದು ಪರತಂತ್ರ. ಬ್ಯಾಂಕಿಗೂ ಬಟ್ಟೆಗೂ ಭೇದ: ಬಟ್ಟೆಯ ಬಣ್ಣ ಮಾಸುತ್ತದೆ, ಬಾಕಿಯದು ಮಾಸುವುದಿಲ್ಲ. ಗ್ರಾಹಕನಿಗೂ ಬಟ್ಟೆಗೂ ಭೇದ: ಇದಕ್ಕೆ ಟ್ರಯಲ್ ರೂಮಿನ ಕನ್ನಡಿಯೇ ಪ್ರಮಾಣ, ಬೇರೆ ಸಾಕ್ಷಿ ಬೇಡ. ಬಟ್ಟೆಗೂ ಬಟ್ಟೆಗೂ ಭೇದ: ನಮಗೆ ಹಿಡಿಸಿದ್ದು ‘ನ್ಯೂ ಅರೈವಲ್’, ಆಫರ್ ಇರುವುದು ಪಕ್ಕದ ಸ್ಟ್ಯಾಂಡಿನದಕ್ಕೆ. ಇನ್ನು ಗ್ರಾಹಕನಿಗೂ ಗ್ರಾಹಕನಿಗೂ ಇರುವ ಭೇದವನ್ನು ಬ್ಯಾಂಕುಗಳೇ ಗೋಲ್ಡ್, ಟೈಟಾನಿಯಂ, ಪ್ಲಾಟಿನಂ ಎಂದು ಅಚ್ಚುಹಾಕಿಸಿ ಕೊಡುತ್ತವೆ. ತಾರತಮ್ಯವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಂಸ್ಥೆ ಈ ಕಾಲದಲ್ಲಿ ಇನ್ನೊಂದಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಅಗತ್ಯ. ಬಟ್ಟೆಗೂ ಬ್ಯಾಂಕಿಗೂ ನಂಟು ಬೆಳೆದದ್ದು ಮಾಲ್‌ನಲ್ಲಿ ಎಂಬುದು ಎಳೆಯರ ಅಪಕಲ್ಪನೆ. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವರು ಕಟ್ಟಿದ್ದೇ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಸಾಲ ಸಿಗಲೆಂದು. ಅಂದು ಸಾಲ ಬಟ್ಟೆ ನೇಯುವವನಿಗೆ, ಇಂದು ಉಡುವವನಿಗೆ. 1928ರಲ್ಲಿ ಅದೇ ಬ್ಯಾಂಕು ಪಿಗ್ಮಿ ಶುರುಮಾಡಿತು: ಏಜೆಂಟರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಉಳಿತಾಯವೆಂದು ಸಂಗ್ರಹಿಸುತ್ತಿದ್ದರು. ಅಜ್ಜಿ ದಿನಕ್ಕೆ ಎರಡಾಣೆ ಕಟ್ಟಿ ವರ್ಷದ ಕೊನೆಗೆ ಸೀರೆ ಉಟ್ಟಳು. ಮೊಮ್ಮಗ ಮೊದಲು ಅಂಗಿ ತೊಟ್ಟು ವರ್ಷವಿಡೀ ಕಟ್ಟುತ್ತಾನೆ. ದ್ವೈತದ ನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳೇ ಕೊನೆಗೆ ಅದ್ವೈತಿಗಳಾದದ್ದು ಪ್ರತ್ಯೇಕ ಸಂಶೋಧನೆಯ ವಸ್ತು. ಮಂಗಳೂರಿನ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಐಕ್ಯವಾಯಿತು; 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್‌ನಲ್ಲಿ ಲೀನವಾದವು.

ಈಗ ಗಣಿತ. ಮದುವೆಯ ಜವಳಿ 20,000 ರೂಪಾಯಿ, ಕಾರ್ಡಿನ ರಿಯಾಯಿತಿ 2,000, ಬಿಲ್ 18,000 ಎಂದಿಟ್ಟುಕೊಳ್ಳೋಣ. ಗಡುವಿನೊಳಗೆ ಪೂರ್ತಿ ಕಟ್ಟಿದವನಿಗೆ 2,000 ಉಳಿಯಿತು, ಇವನು ಮುಕ್ತ. ಸ್ಟೇಟ್‌ಮೆಂಟಿನ ಮೇಲೆ ದಪ್ಪಕ್ಷರದಲ್ಲಿ ಕಾಣುವ ‘ಕನಿಷ್ಠ ಪಾವತಿ’ಯೇ ಮಾಯೆ. ಅದು ಶೇ. 5 ಎಂದಾದರೆ 900 ರೂಪಾಯಿ. ತಿಂಗಳಿಗೆ ಶೇ. 3.5 ಬಡ್ಡಿ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 740 ಅಲ್ಲಿಗೇ ಹೋಯಿತು. ಅಸಲು ಕರಗುವುದು 160ರಷ್ಟು. ಮೂರನೆಯ ತಿಂಗಳಿಗೆ ರಿಯಾಯಿತಿ ನಿಶ್ಶೇಷ. ಹೀಗೇ ಕನಿಷ್ಠವನ್ನೇ ಕಟ್ಟುತ್ತ ಹೋದವನಿಗೆ, ಹೊಸದೇನೂ ಕೊಳ್ಳದಿದ್ದರೂ, ಐದು ವರ್ಷದ ಬಳಿಕ 9,000ಕ್ಕಿಂತ ಹೆಚ್ಚು ಬಾಕಿ ಇರುತ್ತದೆ. ಅಷ್ಟರಲ್ಲಿ ಮಂಗಳೂರಿನ ಐದು ಮಳೆಗಾಲ ಕಂಡ ಆ ಅಂಗಿ ಸ್ಕೂಟರ್ ಒರೆಸುವ ಪದವಿಗೆ ಏರಿರುತ್ತದೆ. ಇನ್ನೊಂದು ಸೂಕ್ಷ್ಮವನ್ನು ಕೌಂಟರಿನ ಆಚಾರ್ಯರು ಉಪದೇಶಿಸುವುದಿಲ್ಲ: ಹಳೆ ಬಾಕಿ ಉಳಿಸಿಕೊಂಡವನಿಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇಲ್ಲ, ಮೊದಲ ದಿನದಿಂದಲೇ ಬಡ್ಡಿ.

ಮುಹೂರ್ತ ಪ್ರಕರಣ ಚಿಕ್ಕದು. ಸ್ಟೇಟ್‌ಮೆಂಟ್ ತಯಾರಾದ ಮರುದಿನ ಕೊಂಡರೆ ಗಡುವಿಗೆ 45 ದಿನವೋ 50 ದಿನವೋ ಸಿಗುತ್ತದೆ. ಹಿಂದಿನ ದಿನ ಕೊಂಡರೆ ಇಪ್ಪತ್ತು ಚಿಲ್ಲರೆ. ಜಾತಕ ನೋಡದೆ ಕೊಡೆಯನ್ನೂ ಕೊಳ್ಳದ ಮನೆಗಳಲ್ಲೂ ಈ ತಿಥಿಯನ್ನು ಯಾರೂ ಕೇಳುವುದಿಲ್ಲ. ಆಟೋ ಡೆಬಿಟ್ ಮಾಡಿಸುವಾಗ ‘ಒಟ್ಟು ಬಾಕಿ’ಯ ಎದುರಿನ ಚೌಕಕ್ಕೇ ಗುರುತು ಹಾಕಬೇಕೆಂಬುದು ಇದರ ಪರಿಶಿಷ್ಟ. ವಾರ್ಷಿಕ ಶುಲ್ಕ ಮನ್ನಾ ಆಗಬೇಕೆಂದು ಬೇಡದ ಪ್ಯಾಂಟು ಕೊಳ್ಳುವುದನ್ನು ಎಲ್ಲ ಮತದವರೂ ಖಂಡಿಸಿದ್ದಾರೆ, ಎಲ್ಲ ಮತದವರೂ ಆಚರಿಸುತ್ತಿದ್ದಾರೆ.

ಸ್ಮೃತಿಗಳಲ್ಲಿ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಮುಖ್ಯ. ಬಾಕಿ ತೀರಿಸಿ ಕಾರ್ಡ್ ಬೇಡವೆಂದವನ ಖಾತೆಯನ್ನು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ದಂಡ ತೆರಬೇಕು. ಪರತಂತ್ರನಿಗೂ ಇಷ್ಟು ಸ್ವಾತಂತ್ರ್ಯ ಉಂಟೆಂದು ತಿಳಿದ ಪಂಡಿತರು ವಿರಳ.

ನಿರ್ಣಯವಾಗದೆ ಉಳಿದಿರುವುದು ಜಾಕೆಟ್ ಪ್ರಶ್ನೆ. ಚಳಿಗಾಲವೇ ಬಾರದ ಈ ಊರಿನಲ್ಲಿ ಪ್ರತಿ ಜನವರಿಗೂ ‘ಚಳಿಗಾಲ ಮುಗಿಯಿತು’ ಎಂದು ಉಣ್ಣೆಯ ಜಾಕೆಟ್‌ಗಳು ಅರ್ಧ ಬೆಲೆಗೆ ಬರುತ್ತವೆ. ಕಾರ್ಡ್ ಇದ್ದರೆ ಇನ್ನೂ ಹತ್ತು ಪರ್ಸೆಂಟ್ ಕಮ್ಮಿ. ಕೊಂಡವನು ಬೆವರುತ್ತಲೇ ಬಿಲ್ ಮಾಡಿಸಿ, ಅದನ್ನು ತೊಡಲೊಂದು ಸಂದರ್ಭ ಬೇಕೆಂದು ಬೆಂಗಳೂರಿನ ಮಗಳ ಮನೆಗೆ ರೈಲು ಟಿಕೆಟ್ ತೆಗೆಯುತ್ತಾನೆ, ಅದೇ ಕಾರ್ಡಿನಲ್ಲಿ. ಬಟ್ಟೆಯ ಕಾರ್ಡಿನಲ್ಲಿ ತೆಗೆದ ಟಿಕೆಟಿಗೆ ಪಾಯಿಂಟು ಉಂಟೋ ಇಲ್ಲವೋ ಎಂಬುದರಲ್ಲಿ ಭಾಷ್ಯಕಾರರಿಗೆ ಒಮ್ಮತವಿಲ್ಲ.